ಚರಗದ ಬುತ್ತಿ, ಕ್ರಿಸ್‌ಮಸ್ ನಕ್ಷತ್ರ: ಹಬ್ಬದ ಬೇರಿಗಿಂತ ಹಬ್ಬದ ಪಂಕ್ತಿಯೇ ದೊಡ್ಡ ಪ್ರಶ್ನೆ

ಬೈಲಹೊಂಗಲ: ಕಿತ್ತೂರು ಸೀಮೆಯ ಎರೆಹೊಲಗಳಲ್ಲಿ ಬಿಳಿಜೋಳ ಎತ್ತರಕ್ಕೆ ಬೆಳೆದು ಕಡಲೆ ಹೂವಾಡುವ ಹೊತ್ತಿಗೆ ಎಳ್ಳಮಾವಾಸ್ಯೆ ಬರುತ್ತದೆ. ಮನೆಮಂದಿಯೆಲ್ಲ ಹೊಲಕ್ಕೆ ತೆರಳಿ, ಬನ್ನಿಗಿಡದ ಬುಡದಲ್ಲಿ ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು ಪೂಜಿಸಿ, ಕಡುಬು, ಸಜ್ಜೆಯ ರೊಟ್ಟಿ, ಪುಂಡಿಪಲ್ಯಗಳನ್ನು ಭೂಮಿತಾಯಿಗೆ ಎಡೆ ಹಿಡಿದು, ನಾಲ್ಕೂ ದಿಕ್ಕಿಗೆ ಚರಗ ಚೆಲ್ಲುವುದು ವಾಡಿಕೆ. ಅನಂತರವೇ ಬುತ್ತಿ ಬಿಚ್ಚಿ ಊಟ. ಮಾರ್ಗಶಿರ ಮಾಸದ ಈ ಅಮಾವಾಸ್ಯೆ ಹಲವು ವರ್ಷ ಕ್ರಿಸ್‌ಮಸ್‌ನ ಆಸುಪಾಸಿನಲ್ಲಿಯೇ ಬೀಳುತ್ತದೆ. 2022ರಲ್ಲಿ ಡಿಸೆಂಬರ್ 23ಕ್ಕೆ, 2024ರಲ್ಲಿ ಡಿಸೆಂಬರ್ 30ಕ್ಕೆ ಬಂದಿತ್ತು.

ಮನೆಯ ಮುಂದೆ ಕಾಗದದ ನಕ್ಷತ್ರ ತೂಗಿಬಿಟ್ಟ ಕ್ರೈಸ್ತ ಕುಟುಂಬದ ಬಾಗಿಲಿಗೆ ಅದೇ ವಾರ ನೆರೆಮನೆಯ ಚರಗದ ಬುತ್ತಿ ಬಂದರೆ ಏನು ಮಾಡಬೇಕು? ಸ್ವೀಕರಿಸಬೇಕೇ, ಬೇರೆ ದೇವತೆಗೆ ಎಡೆ ಹಿಡಿದದ್ದೆಂದು ಕೈಮುಗಿದು ಹಿಂದಿರುಗಿಸಬೇಕೇ? ಹೊಲಕ್ಕೇ ಕರೆದರೆ ಹೋಗಬೇಕೇ? ದಸರೆಯ ಬನ್ನಿ ವಿನಿಮಯ, ಕಾರಹುಣ್ಣಿಮೆಯ ಎತ್ತಿನ ಮೆರವಣಿಗೆ, ಮಣ್ಣೆತ್ತಿನ ಅಮಾವಾಸ್ಯೆ, ಸಂಕ್ರಾಂತಿಯ ಎಳ್ಳು ಹಂಚಿಕೆಗಳ ಸಂದರ್ಭದಲ್ಲಿಯೂ ಇವೇ ಪ್ರಶ್ನೆಗಳು ಏಳುತ್ತವೆ. ಸವದತ್ತಿಯ ಎಲ್ಲಮ್ಮನ ಜಾತ್ರೆಯ ವಿಷಯ ಬಂದಾಗಲಂತೂ ಪ್ರಶ್ನೆ ಇನ್ನಷ್ಟು ಗಂಭೀರವಾಗುತ್ತದೆ.

ಕ್ರೈಸ್ತೇತರ ಮೂಲದ ಹಬ್ಬಗಳಲ್ಲಿ ಕ್ರೈಸ್ತರು ಭಾಗವಹಿಸಬಹುದೇ ಎಂಬ ಚರ್ಚೆ ಪಾಶ್ಚಾತ್ಯ ಜಗತ್ತಿನಲ್ಲಿ ಕ್ರಿಸ್‌ಮಸ್ ಮರ, ಹ್ಯಾಲೋವೀನ್‌ಗಳನ್ನು ಸುತ್ತುವರಿದು ನಡೆಯುತ್ತದೆ. ಕಿತ್ತೂರು ಕರ್ನಾಟಕದಲ್ಲಿ ಅದೇ ಚರ್ಚೆಗೆ ಹೊಲ, ಜಾತಿ, ಕಾನೂನು ಮೂರೂ ತಳಕು ಹಾಕಿಕೊಂಡಿವೆ. ಹಬ್ಬದ ಬೇರು ಎಲ್ಲಿದೆ ಎಂದು ಹುಡುಕುವುದರಿಂದ ಮಾತ್ರ ಇಲ್ಲಿ ಉತ್ತರ ದೊರೆಯುವುದಿಲ್ಲ. ಆ ಹಬ್ಬದ ಪಂಕ್ತಿಯಲ್ಲಿ ಭಾಗವಹಿಸುವವನಿಗೆ ಯಾವ ಸ್ಥಾನ ಕೊಡಲಾಗಿದೆ ಎಂಬುದೇ ನಿರ್ಣಾಯಕವಾಗುತ್ತದೆ.

ಕ್ರಿಸ್‌ಮಸ್‌ನ ಬೇರು

ಬೇರಿನ ಮಾತೇ ಮುಖ್ಯವಾದರೆ ಮೊದಲು ಪ್ರಶ್ನೆಗೆ ಒಳಗಾಗುವುದು ಕ್ರಿಸ್‌ಮಸ್ಸೇ. ಯೇಸು ಹುಟ್ಟಿದ ದಿನಾಂಕ ಬೈಬಲಿನಲ್ಲಿ ಇಲ್ಲ. ಡಿಸೆಂಬರ್ 25ರಂದು ರೋಮಿನಲ್ಲಿ ಈ ಹಬ್ಬ ನಡೆಯುತ್ತಿತ್ತು ಎಂಬುದಕ್ಕೆ ಆರಂಭಿಕ ದಾಖಲೆ ದೊರೆಯುವುದು ಕ್ರಿ.ಶ. 354ರ ಒಂದು ಪಂಚಾಂಗದಲ್ಲಿ. ಅದೇ ದಿನ ‘ಅಜೇಯ ಸೂರ್ಯ’ನ ಹುಟ್ಟಿನ ದಿನವೆಂದೂ ಅಲ್ಲಿ ನಮೂದಾಗಿದೆ. ಸೂರ್ಯನ ಹಬ್ಬವನ್ನೇ ಕ್ರೈಸ್ತರು ತಮ್ಮದಾಗಿಸಿಕೊಂಡರು ಎಂಬುದು ಒಂದು ವಾದ. ಮಾರ್ಚ್ 25ರಂದು ಯೇಸು ಗರ್ಭಸ್ಥನಾದನೆಂಬ ನಂಬಿಕೆಯಿಂದ ಒಂಬತ್ತು ತಿಂಗಳು ಎಣಿಸಿ ಈ ದಿನವನ್ನು ನಿಗದಿ ಮಾಡಲಾಯಿತು ಎಂಬುದು ಇನ್ನೊಂದು ವಾದ. ವಿದ್ವಾಂಸರಲ್ಲಿ ಎರಡಕ್ಕೂ ಬೆಂಬಲಿಗರಿದ್ದಾರೆ.

ಈ ಅನುಮಾನವನ್ನು ಕ್ರೈಸ್ತರೇ ಗಂಭೀರವಾಗಿ ತೆಗೆದುಕೊಂಡ ಉದಾಹರಣೆಗಳಿವೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಪ್ಯೂರಿಟನ್ನರು 1659ರಲ್ಲಿ ಕ್ರಿಸ್‌ಮಸ್ ಆಚರಣೆಗೆ ದಂಡ ವಿಧಿಸಿದರು. ಆ ಕಾಯಿದೆ ರದ್ದಾದದ್ದು 1681ರಲ್ಲಿ. ಯೆಹೋವನ ಸಾಕ್ಷಿಗಳು ಎಂಬ ಪಂಥದವರು ಇಂದಿಗೂ ಕ್ರಿಸ್‌ಮಸ್ ಆಚರಿಸುವುದಿಲ್ಲ. ಈಸ್ಟರ್ ಎಂಬ ಇಂಗ್ಲಿಷ್ ಹೆಸರು ಹಳೆಯ ದೇವತೆಯೊಬ್ಬಳಿಂದ ಬಂದದ್ದೆಂದು 8ನೇ ಶತಮಾನದ ಸನ್ಯಾಸಿ ಬೀಡ್ ಬರೆದಿಟ್ಟಿದ್ದಾನೆ. ಆದರೆ ಕನ್ನಡ ಕ್ರೈಸ್ತರು ಆ ಹಬ್ಬವನ್ನು ಪಾಸ್ಖ ಅಥವಾ ಪುನರುತ್ಥಾನದ ಹಬ್ಬವೆಂದೇ ಕರೆಯುತ್ತ ಬಂದಿರುವುದರಿಂದ ಆ ವಿವಾದ ಕನ್ನಡಕ್ಕೆ ಅನ್ವಯವಾಗುವುದೇ ಇಲ್ಲ. ಹೆಸರಿನ ಮೂಲ ಹಿಡಿದು ತೀರ್ಮಾನಿಸುವ ವಿಧಾನದ ಮಿತಿ ಇಷ್ಟರಿಂದಲೇ ತಿಳಿಯುತ್ತದೆ.

ಇದಕ್ಕೆ ವಿರುದ್ಧವಾದ ಮಾರ್ಗವೂ ಅಷ್ಟೇ ಹಳೆಯದು. ಇಂಗ್ಲೆಂಡಿನಲ್ಲಿ ಧರ್ಮಪ್ರಚಾರಕ್ಕೆ ಹೊರಟವರಿಗೆ ಕ್ರಿ.ಶ. 601ರಲ್ಲಿ ಪೋಪ್ ಮೊದಲನೆಯ ಗ್ರೆಗೊರಿ ಪತ್ರ ಬರೆದು, ಅಲ್ಲಿನ ಹಳೆಯ ಗುಡಿಗಳನ್ನು ಕೆಡವದೆ ವಿಗ್ರಹಗಳನ್ನು ಮಾತ್ರ ತೆಗೆದು ಚರ್ಚುಗಳನ್ನಾಗಿಸಬೇಕು, ಜನರ ಹಬ್ಬದೂಟವನ್ನು ನಿಲ್ಲಿಸದೆ ಅದಕ್ಕೆ ಹೊಸ ಅರ್ಥ ನೀಡಬೇಕು ಎಂದು ಸೂಚಿಸಿದ್ದರು. ಕರಾವಳಿಯಲ್ಲಿ ಸೆಪ್ಟೆಂಬರ್ 8ರಂದು ಮಂಗಳೂರು ಕ್ಯಾಥೊಲಿಕರು ಆಚರಿಸುವ ಮೊಂತಿ ಹಬ್ಬ ಇದೇ ಜಾಡಿನದು. ಮರಿಯಮ್ಮನ ಹುಟ್ಟುಹಬ್ಬದ ಆ ದಿನ ಹೊಸ ಭತ್ತದ ತೆನೆಗಳನ್ನು ಚರ್ಚಿನಲ್ಲಿ ಆಶೀರ್ವದಿಸಿ, ಮನೆಮನೆಯಲ್ಲಿ ಹೊಸ ಅಕ್ಕಿಯ ಊಟವನ್ನು ಸಸ್ಯಾಹಾರವಾಗಿಯೇ ಮಾಡುವುದು ರೂಢಿ. ನೆರೆಯ ಹಿಂದೂ ಮನೆಗಳ ತೆನೆ ಹಬ್ಬದೊಡನೆ ಅದಕ್ಕಿರುವ ನಂಟು ಯಾರಿಗೂ ಗುಟ್ಟಲ್ಲ. ಪ್ರೊಟೆಸ್ಟೆಂಟ್ ಸಭೆಗಳ ಸುಗ್ಗಿ ಹಬ್ಬವೂ ಭೂಮಿಯ ಫಸಲಿಗೆ ಕೃತಜ್ಞತೆ ಸಲ್ಲಿಸುವ ಹಬ್ಬವೇ. ಇಂಗ್ಲೆಂಡಿನಲ್ಲಿ ಅದರ ಆಧುನಿಕ ರೂಪವನ್ನು ಆರಂಭಿಸಿದ ಶ್ರೇಯಸ್ಸನ್ನು 1843ರಲ್ಲಿ ಕಾರ್ನ್‌ವಾಲ್‌ನ ಪಾದ್ರಿ ರಾಬರ್ಟ್ ಹಾಕರ್ ಅವರಿಗೆ ಕೊಡಲಾಗುತ್ತದೆ.

ಪೌಲನ ಸೂತ್ರ

ಚರಗದ ಬುತ್ತಿಯ ಪ್ರಶ್ನೆ ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯದು ಎಂಬುದು ಗಮನಾರ್ಹ. ಗ್ರೀಸಿನ ಕೊರಿಂಥ ನಗರದ ಕ್ರೈಸ್ತರು ವಿಗ್ರಹಗಳಿಗೆ ಅರ್ಪಿಸಿದ ಮಾಂಸವನ್ನು ತಿನ್ನಬಹುದೇ ಎಂದು ಪ್ರೇಷಿತ ಪೌಲನನ್ನು ಕೇಳಿದ್ದರು. ಅವರಿಗೆ ಬರೆದ ಮೊದಲನೆಯ ಪತ್ರದಲ್ಲಿ ಆತನ ಉತ್ತರವಿದೆ. ವಿಗ್ರಹಕ್ಕೆ ಸ್ವತಂತ್ರ ಅಸ್ತಿತ್ವವಿಲ್ಲವಾದ್ದರಿಂದ ಆಹಾರ ಆಹಾರವಾಗಿಯೇ ಉಳಿಯುತ್ತದೆ; ಸಂತೆಯಲ್ಲಿ ಮಾರುವುದನ್ನು ವಿಚಾರಣೆ ಮಾಡದೆ ಕೊಂಡು ತಿನ್ನಬಹುದು; ನಂಬದವರು ಊಟಕ್ಕೆ ಕರೆದರೆ ಹೋಗಬಹುದು. ಆದರೆ ಇದು ದೇವತೆಗೆ ಅರ್ಪಿಸಿದ್ದೆಂದು ಯಾರಾದರೂ ಎತ್ತಿ ಹೇಳಿದರೆ, ಹಾಗೆ ಹೇಳಿದವನ ಮನಸ್ಸಾಕ್ಷಿಗಾಗಿ ಬಿಡಬೇಕು. ಗುಡಿಯ ಪೂಜಾಪಂಕ್ತಿಯಲ್ಲಿ ಪಾಲುಗೊಳ್ಳುವುದು ಮಾತ್ರ ಸಲ್ಲದು.

ಊಟ ಬೇರೆ, ಉಪಾಸನೆ ಬೇರೆ ಎಂಬುದು ಈ ಉತ್ತರದ ಸಾರ. ಕೆಲವರು ಕೆಲವು ದಿನಗಳನ್ನು ವಿಶೇಷವೆಂದು ಎಣಿಸಿದರೆ ಇನ್ನು ಕೆಲವರು ಎಲ್ಲ ದಿನಗಳನ್ನೂ ಸಮವೆಂದು ಎಣಿಸಲಿ, ಒಬ್ಬರನ್ನೊಬ್ಬರು ಹೀಗಳೆಯಬಾರದು ಎಂದು ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯದಲ್ಲಿ ಪೌಲ ಬರೆದಿದ್ದಾನೆ. ಹಬ್ಬಗಳಿಂದ ದೂರ ಉಳಿಯಬೇಕೆನ್ನುವವರು ಪಂಕ್ತಿಯ ನಿಷೇಧವನ್ನೂ, ಬೆರೆಯಬಹುದೆನ್ನುವವರು ಸಂತೆಯ ಸ್ವಾತಂತ್ರ್ಯವನ್ನೂ ಎತ್ತಿ ಹಿಡಿಯುತ್ತಾರೆ. ಎರಡೂ ಒಂದೇ ಪತ್ರದಲ್ಲಿವೆ.

ನಿಷೇಧದ ಮತ್ತು ಹೊಂದಾಣಿಕೆಯ ಇತಿಹಾಸ

ಭಾರತದಲ್ಲಿ ಈ ಸೂತ್ರದ ಎರಡು ತುದಿಗಳನ್ನೂ ಪ್ರಯೋಗಿಸಿ ನೋಡಲಾಗಿದೆ. ಗೋವೆಯ ಇನ್‌ಕ್ವಿಸಿಷನ್ 1736ರಲ್ಲಿ ಹೊರಡಿಸಿದ ಆಜ್ಞೆ ತುಳಸಿ ಬೆಳೆಸುವುದು, ಧೋತರ ಉಡುವುದು, ಹಿಂದೂಗಳಂತೆ ಉಪ್ಪಿಲ್ಲದೆ ಅನ್ನ ಬೇಯಿಸುವುದನ್ನೂ ಕ್ರೈಸ್ತರಿಗೆ ನಿಷೇಧಿಸಿತು. ಅಡುಗೆಮನೆಯ ಅಭ್ಯಾಸವೂ ಅಲ್ಲಿ ಅಪರಾಧವಾಯಿತು.

ಇನ್ನೊಂದೆಡೆ 1606ರಲ್ಲಿ ಮದುರೆಗೆ ಬಂದ ಇಟಲಿಯ ಜೆಸ್ವಿತ್ ರಾಬರ್ಟೊ ದೆ ನೊಬಿಲಿ ಸನ್ಯಾಸಿಯ ವೇಷ ಧರಿಸಿ, ಜನಿವಾರ, ಜುಟ್ಟು, ಗಂಧಗಳನ್ನು ಸಾಮಾಜಿಕ ಚಿಹ್ನೆಗಳೆಂದು ಉಳಿಸಿಕೊಳ್ಳಲು ಅವಕಾಶ ಕೇಳಿದರು. ಪೋಪ್ ಹದಿನೈದನೆಯ ಗ್ರೆಗೊರಿ 1623ರಲ್ಲಿ ಷರತ್ತಿನೊಂದಿಗೆ ಒಪ್ಪಿಗೆ ನೀಡಿದರು. ಇದೇ ಮಾದರಿಯನ್ನು ಕನ್ನಡ ನಾಡಿಗೆ ತಂದವರು 17ನೇ ಶತಮಾನದ ಮಧ್ಯಭಾಗದಲ್ಲಿ ಶ್ರೀರಂಗಪಟ್ಟಣದಲ್ಲಿ ಕೆಲಸ ಮಾಡಿದ ಲಿಯೊನಾರ್ದೊ ಚಿನ್ನಾಮಿ. ‘ಮಲಬಾರ್ ಆಚರಣೆಗಳು’ ಎಂದು ಹೆಸರಾದ ಈ ಹೊಂದಾಣಿಕೆಯ ಕುರಿತು ಎದ್ದ ವಿವಾದವನ್ನು 1744ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ ನಿರ್ಬಂಧಗಳ ಮೂಲಕ ಮುಗಿಸಿದರು. ಆ ಆಚರಣೆಗಳ ವಿರುದ್ಧ ಪಾದ್ರಿಗಳು ಮಾಡಬೇಕಿದ್ದ ಪ್ರಮಾಣ 1940ರವರೆಗೂ ಜಾರಿಯಲ್ಲಿತ್ತು.

ಆ ವಿವಾದದ ಒಂದು ಅಂಶ ಇಂದಿಗೂ ಮುಖ್ಯ. ಅಸ್ಪೃಶ್ಯರೆನಿಸಿಕೊಂಡವರ ಮನೆಗಳಿಗೆ ಸನ್ಯಾಸಿ ವೇಷದ ಪಾದ್ರಿಗಳು ಕಾಲಿಡುತ್ತಿರಲಿಲ್ಲ. ಕಾಲಿಟ್ಟರೆ ಮೇಲ್ಜಾತಿಯವರ ನಡುವೆ ಅವರ ಮರ್ಯಾದೆ ಉಳಿಯುತ್ತಿರಲಿಲ್ಲ. ರೋಗಶಯ್ಯೆಯಲ್ಲಿರುವವರ ಮನೆಗೆ ಹೋಗಿ ಸಂಸ್ಕಾರ ನೀಡಲೇಬೇಕೆಂದು ರೋಮಿನ ಪ್ರತಿನಿಧಿ 1704ರಲ್ಲಿ ಆದೇಶಿಸಿದಾಗ ದೊಡ್ಡ ಗದ್ದಲವೆದ್ದಿತು. ಕೊನೆಗೆ ಆ ಸಮುದಾಯಗಳಿಗೆಂದೇ ಪ್ರತ್ಯೇಕ ಪಾದ್ರಿಗಳನ್ನು ನೇಮಿಸುವ ರಾಜಿ ಏರ್ಪಟ್ಟಿತು. ಸ್ಥಳೀಯ ಆಚಾರವನ್ನು ಗೌರವಿಸುವ ಹೆಸರಿನಲ್ಲಿ ಜಾತಿಯೂ ಚರ್ಚಿನೊಳಗೆ ಬಂದು ಕುಳಿತಿತು.

ದೇಶನೂರಿನ ದಾರಿ

ಬೈಲಹೊಂಗಲ ತಾಲ್ಲೂಕಿನ ದೇಶನೂರಿನಲ್ಲಿ ಈ ಇತಿಹಾಸದ ಮುಂದುವರಿಕೆಯನ್ನು ಕಾಣಬಹುದು. 20ನೇ ಶತಮಾನದಲ್ಲಿ ಗೋವೆಯಿಂದ ಬಂದ ಜೆಸ್ವಿತ್ ಗುರು ಅರ್ಮಾಂದೊ ಆಲ್ವಾರಿಸ್ ಇಲ್ಲಿ ಸ್ವಾಮಿ ಅಣಿಮಾನಂದ ಎಂಬ ಹೆಸರಿನಿಂದ ಪರಿಚಿತರಾದರು. ಲಿಂಗಾಯತ ವಿರಕ್ತರ ಜೀವನಕ್ರಮವನ್ನು ಮಾದರಿಯಾಗಿಟ್ಟುಕೊಂಡು ಕಾವಿ ಧರಿಸಿ, ಸಸ್ಯಾಹಾರ ಪಾಲಿಸಿ, ಮಠದ ರೀತಿಯಲ್ಲಿ ಬದುಕುವ ಪರಂಪರೆಯನ್ನು ಅವರು ಹಾಕಿಕೊಟ್ಟರು. ಇಲ್ಲಿನ ಚರ್ಚು ಗುಡಿಯ ರೂಪದಲ್ಲಿದ್ದು, ಸ್ನಾನಿಕ ಅರುಳಪ್ಪನವರ, ಅಂದರೆ ಯೇಸುವಿಗೆ ದೀಕ್ಷಾಸ್ನಾನ ನೀಡಿದ ಯೊವಾನ್ನನ ಹೆಸರನ್ನು ಹೊತ್ತಿದೆ. ಸುತ್ತಮುತ್ತಲ ಜನ ಅದನ್ನು ಮಠವೆಂದೇ ಕರೆಯುವುದುಂಟು.

ಎರಡನೇ ವ್ಯಾಟಿಕನ್ ಮಹಾಸಭೆಯ (1962-65) ನಂತರ ಇಂತಹ ಪ್ರಯೋಗಗಳಿಗೆ ಅಧಿಕೃತ ಮನ್ನಣೆ ಸಿಕ್ಕಿತು. 1969ರಲ್ಲಿ ರೋಮ್ ಭಾರತದ ಚರ್ಚಿಗಾಗಿ ಒಪ್ಪಿದ ಹನ್ನೆರಡು ಅಂಶಗಳ ಪಟ್ಟಿಯಲ್ಲಿ ನೆಲದ ಮೇಲೆ ಕುಳಿತು ಪೂಜೆ, ಕೈಮುಗಿದು ವಂದನೆ, ಆರತಿ, ಎಣ್ಣೆದೀಪಗಳು ಸೇರಿದ್ದವು. 1995ರಿಂದ ವ್ಯಾಟಿಕನ್‌ನ ಅಂತರ್‌ಧರ್ಮೀಯ ವಿಭಾಗ ಪ್ರತಿ ವರ್ಷ ಹಿಂದೂಗಳಿಗೆ ದೀಪಾವಳಿ ಸಂದೇಶ ಕಳುಹಿಸುತ್ತ ಬಂದಿದೆ.

ಆದರೆ ದೇಶನೂರಿನ ದಾರಿಗೆ ಎರಡು ಕಡೆಯಿಂದಲೂ ಆಕ್ಷೇಪವಿದೆ. ಕಾವಿಯೂ ಆರತಿಯೂ ಬಂದರೆ ಕ್ರೈಸ್ತ ಧರ್ಮದಲ್ಲಿ ಉಳಿಯುವುದೇನು ಎಂದು ಸ್ವತಂತ್ರ ಸಭೆಗಳ ವಿಶ್ವಾಸಿಗಳು ಕೇಳುತ್ತಾರೆ. ಇದು ಮತಾಂತರಕ್ಕೆ ತೊಟ್ಟ ವೇಷ ಎಂದು ಹಿಂದೂ ಸಂಘಟನೆಗಳು ದೂರುತ್ತವೆ. ಮತಾಂತರ ತಡೆ ಮಸೂದೆ 2021ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಅಧಿವೇಶನದಲ್ಲಿಯೇ ವಿಧಾನಸಭೆಯ ಒಪ್ಪಿಗೆ ಪಡೆಯಿತು. 2022ರಲ್ಲಿ ಅದು ಕಾಯಿದೆಯಾಯಿತು. 2023ರ ಜೂನ್‌ನಲ್ಲಿ ಮುಂದಿನ ಸರ್ಕಾರದ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಈ ವಾತಾವರಣದಲ್ಲಿ ಊರ ಹಬ್ಬಕ್ಕೆ ಬಾರದ ಕ್ರೈಸ್ತ ‘ಪರಕೀಯ’ನೆನಿಸಿಕೊಳ್ಳುತ್ತಾನೆ, ಬಂದರೆ ‘ಸೋಗು ಹಾಕಿದವ’ನೆನಿಸಿಕೊಳ್ಳುತ್ತಾನೆ.

ಸವದತ್ತಿಯ ಗುಡ್ಡ ಹೇಳುವ ಮಾತು

ಈ ಭಾಗದ ಪ್ರೊಟೆಸ್ಟೆಂಟ್ ಸಭೆಗಳ ಇತಿಹಾಸ ಬೇರೆಯೇ ಚಿತ್ರವನ್ನು ಮುಂದಿಡುತ್ತದೆ. ಲಂಡನ್ ಮಿಷನ್ 1820ರಲ್ಲಿ ಬೆಳಗಾವಿಯಲ್ಲಿ ಕೆಲಸ ಆರಂಭಿಸಿತು. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದಿತು. ಲಂಡನ್ ಮಿಷನ್ನಿನ ಬೆಳಗಾವಿಯ ಕೆಲಸ 1904ರಲ್ಲಿ ಅಮೆರಿಕದ ಮೆಥೊಡಿಸ್ಟರ ಕೈಸೇರಿದ ನಂತರ ಜಿಲ್ಲೆಯ ಹಳ್ಳಿಗಳ ದಲಿತ ಕುಟುಂಬಗಳು ಗುಂಪುಗುಂಪಾಗಿ ಸಭೆಗೆ ಸೇರಿದವು. ಅವರ ಪಾಲಿಗೆ ಊರ ಹಬ್ಬವನ್ನು ಬಿಡುವುದು ದೇವತಾಶಾಸ್ತ್ರದ ವಿಷಯವಷ್ಟೇ ಆಗಿರಲಿಲ್ಲ.

ಊರ ಜಾತ್ರೆಯಲ್ಲಿ ಪ್ರತಿಯೊಂದು ಜಾತಿಗೂ ಗೊತ್ತುಪಡಿಸಿದ ಕೆಲಸವಿರುತ್ತದೆ. ಒಬ್ಬರಿಗೆ ತೇರಿನ ಹಗ್ಗ, ಇನ್ನೊಬ್ಬರಿಗೆ ಪೂಜೆಯ ತಟ್ಟೆ, ಕೇರಿಯವರಿಗೆ ಹಲಗೆ. ಹಲಗೆ ಬಾರಿಸಿದವನಿಗೆ ಗುಡಿಯೊಳಗೆ ಪ್ರವೇಶವಿಲ್ಲ, ಊಟ ದೂರದ ಪಂಕ್ತಿಯಲ್ಲಿ. ಅಂತಹ ಹಬ್ಬದಲ್ಲಿ ಎಲ್ಲರೂ ಕೂಡಿರುತ್ತಾರೆ ನಿಜ, ಆದರೆ ಸಮಾನರಾಗಿ ಅಲ್ಲ.

ಸವದತ್ತಿಯ ಎಲ್ಲಮ್ಮನಗುಡ್ಡಕ್ಕೆ ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳಲ್ಲಿ ಕರ್ನಾಟಕ ಮಾತ್ರವಲ್ಲದೆ ಮಹಾರಾಷ್ಟ್ರದಿಂದಲೂ ಭಕ್ತರು ಬಂಡಿ ಕಟ್ಟಿಕೊಂಡು ಬರುತ್ತಾರೆ. ಪಡ್ಡಲಗಿ ತುಂಬಿಸಿ, ಭಂಡಾರ ಹಚ್ಚಿಕೊಂಡು ಮರಳುವ ಅಸಂಖ್ಯ ಕುಟುಂಬಗಳಿಗೆ ಅದು ಭಕ್ತಿಯ, ಬಂಧುಬಳಗದ ಸಮಾಗಮದ ಜಾತ್ರೆ. ಆದರೆ ದಲಿತ ಕೇರಿಗಳ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿಸಿದ ಪದ್ಧತಿಯೂ ಇದೇ ಭಕ್ತಿಯ ನೆರಳಿನಲ್ಲಿ ಬೆಳೆಯಿತು. ಮುಂಬಯಿ ಪ್ರಾಂತ್ಯದಲ್ಲಿ 1934ರ ಕಾಯಿದೆ ಬಂದರೂ ಅದು ನಿಲ್ಲಲಿಲ್ಲ. ಕರ್ನಾಟಕ ಸರ್ಕಾರ 1982ರಲ್ಲಿ ಸಮರ್ಪಣೆಯನ್ನು ನಿಷೇಧಿಸಿ ಪ್ರತ್ಯೇಕ ಕಾಯಿದೆ ತರಬೇಕಾಯಿತು. ಮಗಳನ್ನು ಜೋಗತಿಯಾಗಿ ಬಿಡುವ ಹರಕೆಯಿಂದ ತಪ್ಪಿಸಿಕೊಳ್ಳಲು ಜಾತ್ರೆಯನ್ನೇ ತೊರೆದ ಕುಟುಂಬಕ್ಕೆ, ಹಬ್ಬಗಳೆಲ್ಲ ಸಂಸ್ಕೃತಿ, ಬೆರೆತು ಬಾಳಿ ಎಂಬ ಉಪದೇಶ ಅಷ್ಟು ಸುಲಭವಾಗಿ ರುಚಿಸದು.

ಪದ್ಧತಿಯನ್ನು ವಿರೋಧಿಸಿದವರಲ್ಲಿ ಅಂಬೇಡ್ಕರ್‌ವಾದಿಗಳೂ, ಹಿಂದೂ ಸಮಾಜ ಸುಧಾರಕರೂ, ಸ್ವತಃ ಮಾಜಿ ದೇವದಾಸಿಯರೂ ಇದ್ದಾರೆ ಎಂಬುದನ್ನು ಮರೆಯಬಾರದು. ಜಾತ್ರೆಯ ಅನ್ಯಾಯದಿಂದ ಹೊರಬರಲು ಕ್ರೈಸ್ತರಾಗುವುದೊಂದೇ ಮಾರ್ಗವಾಗಿರಲಿಲ್ಲ. ಚರ್ಚುಗಳು ಜಾತಿಯಿಂದ ಪೂರ್ಣ ಮುಕ್ತವಾದವು ಎಂದೂ ಹೇಳಲಾಗದು. ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ 1980ರ ದಶಕದ ಆರಂಭದಲ್ಲಿ ಅರವಿಂದ ನಿರ್ಮಲ್ ಎತ್ತಿದ ಪ್ರಶ್ನೆಯೂ ಇದೇ ಆಗಿತ್ತು. ಭಾರತೀಯ ಕ್ರೈಸ್ತ ಚಿಂತನೆ ‘ಭಾರತೀಯತೆ’ ಎಂದು ಆರಿಸಿಕೊಂಡದ್ದೆಲ್ಲ ಮೇಲ್ಜಾತಿಯ ಸಂಪ್ರದಾಯವನ್ನೇ, ಸಭೆಯಲ್ಲಿ ಬಹುಸಂಖ್ಯಾತರಾಗಿರುವ ದಲಿತರ ಅನುಭವಕ್ಕೆ ಅದರಲ್ಲಿ ಸ್ಥಾನವಿಲ್ಲ ಎಂಬುದು ಅವರ ಟೀಕೆ. ಕಾವಿಯನ್ನು ಒಪ್ಪಿಕೊಂಡ ಚರ್ಚು ಹಲಗೆಯನ್ನು ಯಾವ ಗೌರವದಿಂದ ಒಳಗೆ ಬರಮಾಡಿಕೊಂಡಿದೆ ಎಂಬ ಪ್ರಶ್ನೆ ಆ ಟೀಕೆಯಿಂದ ಸಹಜವಾಗಿಯೇ ಹುಟ್ಟುತ್ತದೆ.

ದಾಖಲೆಯ ಕಾಲಂ

ಇಷ್ಟಕ್ಕೇ ಮುಗಿಯದೆ ವಿಷಯ ತಹಶೀಲ್ದಾರ್ ಕಚೇರಿಯವರೆಗೂ ಹೋಗುತ್ತದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನಮಾನ ಹಿಂದೂಗಳಿಗೆ ಮಾತ್ರವಿತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಲಾಯಿತು. ಕ್ರೈಸ್ತರಾದ ದಲಿತರು ಹೊರಗೇ ಉಳಿದರು. ಕರ್ನಾಟಕದಲ್ಲಿ ಅವರಿಗೆ ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಸ್ಥಾನವಿದೆ. ಪರಿಶಿಷ್ಟರಿಗೆ ದೊರೆಯುವ ದೌರ್ಜನ್ಯ ತಡೆ ಕಾಯಿದೆಯ ರಕ್ಷಣೆಯಾಗಲಿ ಮೀಸಲು ಕ್ಷೇತ್ರಗಳಾಗಲಿ ಅವರಿಗೆ ಇಲ್ಲ. ಈ ವಿಷಯ ಪರಿಶೀಲಿಸಲು ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಕೇಂದ್ರ ಸರ್ಕಾರ 2022ರಲ್ಲಿ ಆಯೋಗ ರಚಿಸಿತು.

ನ್ಯಾಯಾಲಯಗಳು ವ್ಯಕ್ತಿಯ ಧರ್ಮವನ್ನು ನಿರ್ಧರಿಸುವಾಗ ಆಚರಣೆಯನ್ನು ಗಮನಿಸುತ್ತವೆ. ಮರಳಿ ಹಿಂದೂವಾದವರ ಜಾತಿಯ ಹಕ್ಕಿಗೆ ಆ ಜಾತಿಯ ಜನ ಅವರನ್ನು ಒಪ್ಪಿಕೊಂಡಿರಬೇಕು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಕೆ.ಪಿ. ಮನು ಪ್ರಕರಣದಲ್ಲಿ ಹೇಳಿತು. ಪುದುಚೇರಿಯ ಮಹಿಳೆಯೊಬ್ಬರ ಪ್ರಕರಣದಲ್ಲಿ 2024ರ ನವೆಂಬರ್‌ನಲ್ಲಿ ತೀರ್ಪು ನೀಡುವಾಗ, ದೀಕ್ಷಾಸ್ನಾನ ಪಡೆದು ನಿಯಮಿತವಾಗಿ ಚರ್ಚಿಗೆ ಹೋಗುವವರು ಮೀಸಲಾತಿಗಾಗಿ ಮಾತ್ರ ಹಿಂದೂ ಎನ್ನುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದು ಅದೇ ನ್ಯಾಯಾಲಯ ಅಭಿಪ್ರಾಯಪಟ್ಟಿತು.

ಇದರ ಪರಿಣಾಮ ಹಳ್ಳಿಯ ಹಬ್ಬದ ಮೇಲೂ ಬೀಳುತ್ತದೆ. ಭಾನುವಾರ ಪ್ರಾರ್ಥನೆಗೆ ಹೋಗುತ್ತ, ದಾಖಲೆಯಲ್ಲಿ ಹಿಂದೂ ಎಂದೇ ಉಳಿದಿರುವ ಕುಟುಂಬಕ್ಕೆ ಜಾತ್ರೆಯಲ್ಲಿ ಕಾಣಿಸಿಕೊಳ್ಳುವುದು ಮಕ್ಕಳ ಜಾತಿ ಪ್ರಮಾಣಪತ್ರದ ರಕ್ಷಣೆಯೂ ಆಗಬಹುದು. ಜಾತ್ರೆಗೆ ಹೋಗಬೇಡಿ ಎಂದು ವೇದಿಕೆಯಿಂದ ಬೋಧಿಸುವುದು ಪಾಳಕರಿಗೆ ಸುಲಭ. ಅದರ ಬೆಲೆ ತೆರಬೇಕಾದವರು ಶಾಲೆ, ಕಾಲೇಜು, ನೌಕರಿಯ ಅರ್ಜಿ ತುಂಬುವ ಕೇರಿಯ ಮಕ್ಕಳು. ಇಲ್ಲಿ ಭಾಗವಹಿಸುವವನ ನಂಬಿಕೆ ಎಷ್ಟು, ಭಯ ಎಷ್ಟು ಎಂದು ಬೇರ್ಪಡಿಸುವುದು ಯಾವ ಸಭೆಗೂ ಸಾಧ್ಯವಿಲ್ಲ.

ಬುತ್ತಿಗೆ ಒಂದು, ಹಲಗೆಗೆ ಇನ್ನೊಂದು ಉತ್ತರ

ಈ ಹಿನ್ನೆಲೆಯಲ್ಲಿ ಎಲ್ಲ ಹಬ್ಬಗಳಿಗೂ ಒಂದೇ ಉತ್ತರ ಹುಡುಕುವುದು ವ್ಯರ್ಥ. ಮನೆಬಾಗಿಲಿಗೆ ಬಂದ ಚರಗದ ಬುತ್ತಿ ನೆರೆಹೊರೆಯ ಪ್ರೀತಿ. ಪೌಲನ ಸೂತ್ರದ ಪ್ರಕಾರವೇ ಅದನ್ನು ಸ್ವೀಕರಿಸಲು ಅಡ್ಡಿಯಿಲ್ಲ. ಕ್ರಿಸ್‌ಮಸ್‌ನ ಕರ್ಚಿಕಾಯಿ, ಕೇಕುಗಳನ್ನು ಆ ಮನೆಯವರು ತೆಗೆದುಕೊಳ್ಳುವುದೂ ಅದೇ ಪ್ರೀತಿಯಿಂದ. ಹಿರಿಯರ ಕೈಗೆ ಬನ್ನಿ ಕೊಟ್ಟು ಕಾಲಿಗೆ ನಮಸ್ಕರಿಸುವುದು ಈ ಭಾಗದಲ್ಲಿ ಮುನಿಸು ಮರೆಯುವ ಮಾರ್ಗ. ವರ್ಷವಿಡೀ ದುಡಿದ ಎತ್ತಿಗೆ ಕಾರಹುಣ್ಣಿಮೆಯಂದು ಬಣ್ಣ ಹಚ್ಚಿ ಮೆರೆಸಲು ಯಾವ ಧರ್ಮದ ರೈತನೂ ಹಿಂಜರಿಯಬೇಕಾಗಿಲ್ಲ. ಪೂಜೆಯಲ್ಲಿ ಪಾಲುಗೊಳ್ಳುವುದು ತನ್ನ ವಿಶ್ವಾಸಕ್ಕೆ ಸಲ್ಲದೆಂದು ಯಾರಾದರೂ ವಿನಯದಿಂದ ದೂರ ನಿಂತರೆ ಅದನ್ನು ಊರಿನವರು ಅಪಮಾನವೆಂದು ಬಗೆಯಬೇಕಾಗಿಯೂ ಇಲ್ಲ.

ಆದರೆ ಹಬ್ಬಕ್ಕೆ ಬಾ ಎಂಬ ಕರೆಯ ಹಿಂದೆ ನಿನ್ನ ಜಾಗ ಅದೇ, ಹಲಗೆಯೂ ನಿನ್ನದೇ ಎಂಬ ಅಪ್ಪಣೆ ಅಡಗಿದ್ದರೆ ಅದನ್ನು ನಿರಾಕರಿಸುವ ಹಕ್ಕು ಕ್ರೈಸ್ತನಿಗೂ ಉಂಟು, ಹಿಂದೂವಾಗಿಯೇ ಉಳಿದ ದಲಿತನಿಗೂ ಉಂಟು. ಅದು ಧರ್ಮಕ್ಕಿಂತ ಮಿಗಿಲಾಗಿ ಮರ್ಯಾದೆಯ ಪ್ರಶ್ನೆ.

ಪ್ರತಿ ವರ್ಷ ಅಕ್ಟೋಬರ್ 23ರಿಂದ ಕಿತ್ತೂರು ಉತ್ಸವ ನಡೆಯುತ್ತದೆ. 1824ರ ಆ ದಿನ ರಾಣಿ ಚನ್ನಮ್ಮನ ಪಡೆ ಕಲೆಕ್ಟರ್ ಥ್ಯಾಕರೆಯ ಸೈನ್ಯವನ್ನು ಸೋಲಿಸಿತು. 2024ರಲ್ಲಿ ಆ ವಿಜಯಕ್ಕೆ 200 ವರ್ಷ ತುಂಬಿತು. ಕೋಟೆಯ ಆವರಣದ ಆ ಉತ್ಸವಕ್ಕೆ ಬರಲು ಯಾವ ಧರ್ಮದವರಿಗೂ ತಮ್ಮ ಗ್ರಂಥಗಳನ್ನು ತೆರೆದು ನೋಡಬೇಕೆನಿಸುವುದಿಲ್ಲ. ಅಲ್ಲಿ ನೋಡುಗರನ್ನು ಜಾತಿಯ ಪ್ರಕಾರ ಸಾಲುಗೊಳಿಸುವುದಿಲ್ಲ.

ಹಳ್ಳಿಯ ಹಬ್ಬಗಳೂ ಅಷ್ಟು ಮುಕ್ತವಾದ ದಿನ ಕ್ರೈಸ್ತರು ಭಾಗವಹಿಸಬಹುದೇ ಎಂಬ ಚರ್ಚೆ ಪೂಜೆಯ ಒಂದು ಗಳಿಗೆಗೆ ಮಾತ್ರ ಸೀಮಿತವಾಗಿ ಉಳಿದೀತು. ಅದನ್ನು ಸಭೆಗಳು ತಮ್ಮೊಳಗೇ ತೀರ್ಮಾನಿಸಿಕೊಳ್ಳಬಲ್ಲವು. ಅಲ್ಲಿಯವರೆಗೆ ಕೇರಿಯವರನ್ನು ಯಾವ ಪಂಕ್ತಿಗೆ ಕರೆಯುತ್ತಿದ್ದೇವೆ ಎಂಬ ಪ್ರಶ್ನೆಗೆ ಊರೂ ಉತ್ತರಿಸಬೇಕಾಗಿದೆ.